ಮಸಿ ಬಾಣಲೆ, ಬಿಳಿ ನಕ್ಷೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಹಾಗಿದ್ದೂ ಹೊಸ ಮುಖ್ಯ ಎಂಜಿನಿಯರ್ ಒಂದು ಬೆಳಿಗ್ಗೆ ನಕ್ಷೆ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಕಾಲಿಡಲು ಜಾಗ ಸಾಲದೆ ಹೊಸ್ತಿಲಲ್ಲೇ ನಿಂತು, "ಮೇಡಂ, ಈ ಕೋಣೇನ ಮೀಟಿಂಗ್ ಹಾಲ್ ಮಾಡ್ತಾ ಇದ್ದೀವಿ" ಎಂದರು. ನಾನು ಆಗ ಏಣಿಯ ಮೇಲಿದ್ದೆ. ಇಳಿದು ಬರುವಷ್ಟರಲ್ಲಿ ಉಳಿದದ್ದನ್ನೂ ಹೇಳಿಬಿಟ್ಟಿದ್ದರು. ಮೂಲ ನಕ್ಷೆಗಳನ್ನು ಒಂದು ಕಂಪನಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತದೆ, ಕಾಗದವೆಲ್ಲ ಗುಜರಿಗೆ, ನಾನು ಕೆಳಗಿನ ದೂರು ಕೌಂಟರಿಗೆ.

ಊರಿನ ನೆಲದಡಿ ಯಾವ ಪೈಪು ಎಲ್ಲಿ ಓಡುತ್ತದೆ, ಎಲ್ಲಿ ಕವಲೊಡೆಯುತ್ತದೆ, ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂಬುದೆಲ್ಲ ಇರುವುದು ಈ ಕೋಣೆಯಲ್ಲಿ. ಇದನ್ನು ಬಿಟ್ಟು ಕೌಂಟರಿನಲ್ಲಿ ಕೂತು "ನಿಮ್ಮ ದೂರು ಬರೆದುಕೊಂಡಿದ್ದೇವೆ" ಎಂದು ದಿನವಿಡೀ ಹೇಳುವುದನ್ನು ನೆನೆದೇ ನನಗೆ ರೇಗಿಹೋಯಿತು.

"ನಕ್ಷೆ ಇಲ್ಲದೆ ರಸ್ತೆ ಹೇಗೆ ಅಗೀತೀರಿ ಸರ್?" ಎಂದು ಕೇಳಿದೆ.

"ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ದೀವಿ ಮೇಡಂ? ಹೋದ ಸಲ ಒಂದು ನಕ್ಷೆ ಕೇಳಿದೆ. ನೀವು ಹುಡುಕಿ ಕೊಡೋ ಹೊತ್ತಿಗೆ ಒಡೆದ ಪೈಪು ರಿಪೇರಿ ಆಗಿ, ಮೇಲೆ ಟಾರೂ ಬಿದ್ದಿತ್ತು."

ಅದು ನಿಜವಾಗಿತ್ತು. ಮನುಷ್ಯ ಕೆಟ್ಟವನಾಗಿದ್ದರೆ ಬೈಯಬಹುದಿತ್ತು, ಆದರೆ ಅವರು ಒಳ್ಳೆಯವರು, ಅದೇ ತೊಂದರೆ. ನನ್ನ ಮುಖ ನೋಡಿ ಅವರಿಗೂ ಏನನ್ನಿಸಿತೋ, ಒಂದು ದಾರಿ ಬಿಟ್ಟುಕೊಟ್ಟರು. ತಿಂಗಳ ಕೊನೆಯಲ್ಲಿ ಆಸ್ಪತ್ರೆ ವೃತ್ತದ ದೊಡ್ಡ ಪೈಪು ಬದಲಾಯಿಸುವ ಕೆಲಸವಿತ್ತು. ಅದಕ್ಕೆ ಮೊದಲು ಅಲ್ಲಿನ ವಾಲ್ವ್ ಸಿಗಬೇಕು, ಅದನ್ನು ಈಚೆಗೆ ಯಾರೂ ಕಂಡಿರಲಿಲ್ಲ. "ಅಷ್ಟರೊಳಗೆ ಕೋಣೆ ಚೊಕ್ಕಟ ಮಾಡಿ. ಆ ವಾಲ್ವ್ ಎಲ್ಲಿದೆ ಅಂತ ಕಂಪನಿಯವರೂ ಹೇಳಲಿ, ನೀವೂ ಹೇಳಿ. ನೀವು ಗೆದ್ದರೆ ಕೋಣೆ ನಿಮ್ಮದು."

ನಾನು ಒಳಗೊಳಗೇ ನಕ್ಕೆ. ಮೂಲ ನಕ್ಷೆ ನನ್ನ ಕೈಯಲ್ಲೇ ಇದೆ, ಹುಡುಕಿ ಕೊಡುವುದಷ್ಟೇ ತಾನೇ ಎಂದುಕೊಂಡೆ.

ಅದೇ ವಾರ ಮನೆಯಲ್ಲೂ ಇದೇ ರಾಮಾಯಣ. ನಾದಿನಿ ಕೈಗೂಸಿನೊಂದಿಗೆ ನಮ್ಮಲ್ಲೇ ಬಂದಿರುವುದೆಂದು ತೀರ್ಮಾನವಾಗಿ, ಮಹಡಿ ಕೋಣೆ ಖಾಲಿಯಾಗಬೇಕಿತ್ತು. ಆ ಕೋಣೆಯಲ್ಲಿ ನನ್ನ ಅತ್ತೆಯ ಸಂಸಾರದ ಅರ್ಧ ಇತಿಹಾಸ ಬಿದ್ದಿತ್ತು. ಡಬ್ಬವಿಲ್ಲದ ಮುಚ್ಚಳಗಳು, ಮುಚ್ಚಳವಿಲ್ಲದ ಡಬ್ಬಗಳು, ಯಾವ ಬೀಗಕ್ಕೂ ಸೇರದ ಕೀಲಿಕೈಗಳು, ಮೂರು ಕಾಲಿನ ಸ್ಟೂಲು. ದಾಖಲೆ ಕೋಣೆ ನಡೆಸುವವಳು ನಾನು, ಇದು ನನ್ನ ಕಸುಬು ಎಂದು ಸೆರಗು ಕಟ್ಟಿ ಇಳಿದೆ. ಅಂಗಡಿಯಿಂದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಬಂದು, ಸಿಕ್ಕಿದ್ದನ್ನೆಲ್ಲ ತುಂಬಿ, ಪ್ರತಿಯೊಂದಕ್ಕೂ ನಂಬರು ಅಂಟಿಸಿದೆ. ನೋಡಲು ಬಹಳ ಚೆನ್ನಾಗಿತ್ತು.

ಅತ್ತೆ ಬಾಗಿಲಿಗೆ ಒರಗಿ ನಿಂತು ನೋಡಿದರು. ಅವರು ಹರೆಯದಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯನ್ನೇ ನಡೆಸಿದವರು, ಯಾರಿಗೂ ಸೊಪ್ಪು ಹಾಕುವವರಲ್ಲ.

"ಕಸಕ್ಕೆ ಪೆಟ್ಟಿಗೆ ತಂದ್ಯಾ?" ಎಂದರು. "ಮೊದಲು ಬರೀ ಕಸ ಇತ್ತು. ಈಗ ಕಸಾನೂ ಇದೆ, ಪೆಟ್ಟಿಗೆನೂ ಇದೆ."

"ನಂಬರು ಹಾಕಿದ್ದೀನಿ ಅತ್ತೆ. ಏನು ಬೇಕೋ ಕೇಳಿ."

"ಉಗುರು ಕತ್ತರಿ ಕೊಡು ನೋಡೋಣ."

ನಾಲ್ಕಾರು ಪೆಟ್ಟಿಗೆ ತೆರೆದು ಸುರುವಿದೆ. ಸಿಗಲಿಲ್ಲ. ನನ್ನ ಗಂಡ ಮೆಟ್ಟಿಲ ಮೇಲೆ ಕೂತು, "ಮನೆ ಗೆದ್ದು ಮಾರು ಗೆಲ್ಲು ಅಂತಾರೆ" ಎಂದು ಕಿಸಕ್ಕನೆ ನಕ್ಕ. ಕೈಯಲ್ಲಿದ್ದ ಮುಚ್ಚಳವನ್ನು ಅವನತ್ತ ಎಸೆದೆ.

ಅತ್ತೆ ಸ್ಟೂಲನ್ನು ಪಕ್ಕಕ್ಕೆ ತಳ್ಳಿ ನೆಲದ ಮೇಲೆ ಕೂತರು. "ಹೀಗೆ ಮೂಲೆ ಮೂಲೆ ಅಂತ ಹೊರಟರೆ ಮುಗಿಯಲ್ಲ. ಒಂದು ಬಗೆ ಹಿಡಿ. ಮನೇಲಿರೋ ಕತ್ತರಿ ಎಲ್ಲಾ ತಗೊಂಡು ಬಾ, ಒಂದೂ ಬಿಡಬೇಡ."

ಹೊಲಿಗೆ ಪೆಟ್ಟಿಗೆಯಿಂದ, ಅಡುಗೆಮನೆಯಿಂದ, ಬಚ್ಚಲ ಗೂಡಿನಿಂದ, ಗಂಡನ ಕ್ಷೌರದ ಚೀಲದಿಂದ, ಟಿವಿಯ ಹಿಂದಿನಿಂದ ಕತ್ತರಿಗಳು ಬಂದವು. ಹಾಲ್ ಮಧ್ಯೆ ಗುಡ್ಡೆಯಾಗಿ ಬಿದ್ದವು. ನಾನು ದಂಗಾದೆ. ಇಷ್ಟು ಕತ್ತರಿ ಇಟ್ಟುಕೊಂಡು ಹಿಂದಿನ ದಿನ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಹರಿದಿದ್ದೆ.

"ಒಂದು ಕೈಗೆ ಸಿಗಲಿಲ್ಲ ಅಂತ ಇನ್ನೊಂದು ತಂದ್ವಿ. ಅದೂ ಸಿಗಲಿಲ್ಲ ಅಂತ ಮತ್ತೊಂದು" ಎಂದರು ಅತ್ತೆ. "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಸುಮ್ಮನೆ ಹೇಳಿದ್ದಾ? ಇದರಲ್ಲಿ ಯಾವುದನ್ನ ಯಾರು ಕೇಳಿಕೊಂಡು ಬರ್ತಾರೆ ಹೇಳು. ಯಾರೂ ಕೇಳದೇ ಇರೋದು ಆಚೆ."

ಮರುದಿನ ಕಚೇರಿಗೆ ಹೋದವಳೇ ಸಹಾಯಕಿಯನ್ನು ಕರೆದೆ. ಅವಳು ಮಾತಾಡಿದರೆ ಪಕ್ಕದ ಕುರ್ಚಿಗೂ ಕೇಳುವುದಿಲ್ಲ, ಹಾಗಾಗಿ ಎಲ್ಲರೂ ಅವಳನ್ನು ಪಿಸುಮಾತು ಎಂದೇ ಕರೆಯುತ್ತಾರೆ. "ರ್ಯಾಕು ರ್ಯಾಕು ಬೇಡ. ಒಂದು ರಸ್ತೆ ಹಿಡಿಯೋಣ. ಆ ರಸ್ತೆಗೆ ಸೇರಿದ ನಕ್ಷೆ ಈ ಕಟ್ಟಡದಲ್ಲಿ ಎಲ್ಲೆಲ್ಲಿದೆಯೋ ಅಷ್ಟೂ ಇಲ್ಲಿಗೆ ಬರಬೇಕು" ಎಂದೆ.

ಕಾರಿಡಾರಿನಲ್ಲಿ ಹರಡಿದ ಮೇಲೆ ಗೊತ್ತಾಯಿತು, ನಮ್ಮದು ಕತ್ತರಿಯ ಕಥೆಯೇ. ನನ್ನ ಕೋಣೆಯಲ್ಲಿ ನಕ್ಷೆ ಬೇಗ ಸಿಗುವುದಿಲ್ಲವೆಂದು ಪ್ರತಿ ವಿಭಾಗದವರೂ ಸಿಕ್ಕಾಗ ಒಂದು ಜೆರಾಕ್ಸ್ ತೆಗೆದು ಇಟ್ಟುಕೊಂಡಿದ್ದರು. ಆ ಜೆರಾಕ್ಸಿಗೆ ಮತ್ತೊಂದು ಜೆರಾಕ್ಸ್. ಮೇಜಿನ ಗಾಜಿನಡಿ, ಬೀರುವಿನ ಹಿಂದೆ, ಜೀಪಿನ ಸೀಟಿನ ಕೆಳಗೆ ಎಲ್ಲ ಕಡೆ ಇದ್ದವು. ಹಳೆಯವನ್ನು ನನ್ನ ಕೋಣೆಗೆ ತಂದು ಸುರಿದು ಹೋಗುತ್ತಿದ್ದರು. ಕೋಣೆ ತುಂಬಿದಷ್ಟೂ ಹುಡುಕುವುದು ಕಷ್ಟ, ಕಷ್ಟವಾದಷ್ಟೂ ಇನ್ನಷ್ಟು ಜೆರಾಕ್ಸ್. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರು ನಾವೇ.

ಕೆಲವು ದಿನಗಳಲ್ಲಿ ಹೀಗೆ ರಸ್ತೆಗೊಂದು ಗುಡ್ಡೆ ಎದ್ದಿತು. ಪ್ರತಿ ಗುಡ್ಡೆಯಲ್ಲೂ ಮೂಲ ನಕ್ಷೆಯೊಂದು ಎದ್ದು ಕಾಣುತ್ತಿತ್ತು. ದಪ್ಪ ಕಾಗದ, ಹಾಲಿನಂಥ ಬಿಳುಪು, ಒಂದು ಗೀರೂ ಇಲ್ಲ. ಅದರ ಸುತ್ತ ಎಣ್ಣೆ ಹಿಡಿದ, ಮಡಿಕೆಯಲ್ಲಿ ಹರಿದ, ಪೆನ್ನಿನಲ್ಲಿ ಗೀಚಿದ ಪ್ರತಿಗಳು. ಯಾವುದು ಇಡಬೇಕು, ಯಾವುದು ಆಚೆ ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಮೂಲಗಳನ್ನು ಒರೆಸಿ, ಕಂಪನಿಯವನಿಗೆ ಸ್ಕ್ಯಾನಿಗೆ ಕೊಟ್ಟು, ವಾಪಸ್ಸು ತೆಗೆದುಕೊಂಡು ಸಾಲಾಗಿ ಜೋಡಿಸಿದೆ. ಪ್ರತಿಗಳನ್ನೆಲ್ಲ ಗೋಣಿಚೀಲಕ್ಕೆ ತುರುಕಿಸಿದೆ. ರ್ಯಾಕುಗಳು ಖಾಲಿಯಾಗಿ ಹಿಂದೆ ಮುಚ್ಚಿಹೋಗಿದ್ದ ಕಿಟಕಿ ಕಾಣಿಸಿದಾಗ ಪಿಸುಮಾತು ಚಪ್ಪಾಳೆ ತಟ್ಟಿದಳು. ಅದು ಮಾತ್ರ ಎಲ್ಲರಿಗೂ ಕೇಳಿಸಿತು. ಗುಜರಿ ಲಾರಿಗೆ ಬೆಳಿಗ್ಗೆ ಬರಹೇಳಿ ಮನೆಗೆ ಹೋದೆ.

ಆ ಹುರುಪಿನಲ್ಲೇ ಅಡುಗೆಮನೆಗೂ ಕೈ ಹಾಕಿದೆ. ಎರಡು ಕಬ್ಬಿಣದ ಬಾಣಲೆಗಳಿದ್ದವು. ಒಂದು ತಳದಿಂದ ಅಂಚಿನವರೆಗೆ ಮಸಿ ಹಿಡಿದು ಕರ್ರಗಾಗಿತ್ತು. ಇನ್ನೊಂದು ನಮ್ಮ ಮದುವೆಗೆ ಯಾರೋ ಕೊಟ್ಟದ್ದು, ಅಂಗಡಿಯ ಚೀಟಿ ಕೂಡ ಹೋಗಿರಲಿಲ್ಲ. ಹೊಸದನ್ನು ಒಲೆಯ ಪಕ್ಕ ಇಟ್ಟು, ಕರಿಯದನ್ನು ಬೀದಿಯಲ್ಲಿ ಕೂಗುತ್ತ ಹೋಗುತ್ತಿದ್ದ ಹಳೇ ಸಾಮಾನಿನವನ ಗಾಡಿಗೆ ಹಾಕಿದೆ. ಅತ್ತೆ ಮಹಡಿಯಲ್ಲಿದ್ದರು.

ಸಂಜೆ ಅವರು ಒಲೆ ಹಚ್ಚಿ ಈರುಳ್ಳಿ ಹಾಕಿದ್ದೇ ತಡ, ಅಷ್ಟೂ ಬಾಣಲೆಗೆ ಕಚ್ಚಿಕೊಂಡು ಸೀದು ಹೊಗೆ ಎದ್ದಿತು.

"ನನ್ನ ಬಾಣಲೆ ಎಲ್ಲಿ?"

"ಕರ್ರಗಾಗಿತ್ತಲ್ಲ ಅತ್ತೆ, ಕೊಟ್ಟುಬಿಟ್ಟೆ. ಇದು ಹೊಸದು, ಎಷ್ಟು ಬೆಳ್ಳಗಿದೆ ನೋಡಿ."

ಅತ್ತೆ ಸೌಟು ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು. "ಬೆಳ್ಳಗಿರೋದೆಲ್ಲ ಹಾಲಲ್ಲ. ಅದು ಯಾಕೆ ಬೆಳ್ಳಗಿದೆ ಹೇಳು? ಅದನ್ನ ಯಾರೂ ಮುಟ್ಟೇ ಇಲ್ಲ. ಆ ಕರೀದು ದಿನಾ ಬೆಂಕಿ ಮೇಲೆ ಕೂತು ಪಳಗಿದ್ದು. ಕೆಲಸ ಮಾಡಿದ ಪಾತ್ರೆ ಯಾವುದು, ಶೋಕಿ ಪಾತ್ರೆ ಯಾವುದು ಅಂತ ಗೊತ್ತಾಗದೆ ಇದ್ದರೆ ನೀನು ಯಾಕೆ ಮನೆ ಖಾಲಿ ಮಾಡೋಕೆ ಹೋದೆ?"

ಇನ್ನೂ ಬಹಳ ಬೈದರು. ನನಗೆ ಕೇಳಿಸಲಿಲ್ಲ. ಕಣ್ಣ ಮುಂದೆ ಕಾರಿಡಾರಿನ ಗುಡ್ಡೆಗಳು ಬಂದಿದ್ದವು. ಮೂಲ ನಕ್ಷೆಗಳು ಅಷ್ಟು ಬೆಳ್ಳಗೆ ಯಾಕಿದ್ದವು? ಮೂಲದ ಮೇಲೆ ಯಾರೂ ಬರೆಯಬಾರದು ಎಂಬುದು ನಮ್ಮ ಕಚೇರಿಯ ನಿಯಮ, ಕಾಯುತ್ತಿದ್ದವಳು ನಾನೇ. ಹಾಗಾದರೆ ವಾಲ್ವ್ ಬದಲಾಯಿಸಿದವರು, ಪೈಪು ತಿರುಗಿಸಿದವರು, ಹೊಸ ಕವಲು ತೆಗೆದವರು ಅದನ್ನೆಲ್ಲ ಎಲ್ಲಿ ಬರೆದರು? ತಮ್ಮ ತಮ್ಮ ಜೆರಾಕ್ಸಿನ ಮೇಲೆ. ಮೂಲವನ್ನು ಹಾಗೆಯೇ ಶುಭ್ರವಾಗಿ ತಂದು ಒಪ್ಪಿಸಿದರು, ನಾನು ಮೆಚ್ಚಿ ಒಳಗಿಟ್ಟೆ. ಪೈಪು ಹೂಳಿದ ದಿನ ಊರು ಹೇಗಿತ್ತೋ ಅದಷ್ಟೇ ನನ್ನ ರ್ಯಾಕಿನಲ್ಲಿತ್ತು. ಈಗ ಹೇಗಿದೆ ಎಂಬುದು ಗೋಣಿಚೀಲದಲ್ಲಿತ್ತು, ಬೆಳಿಗ್ಗೆ ಲಾರಿ ಬರಲಿತ್ತು.

ಮರುದಿನ ತಿಂಡಿಯೂ ತಿನ್ನದೆ ಓಡಿದೆ. ಲಾರಿ ಆಗಲೇ ಚೀಲಗಳನ್ನು ಹೇರಿಕೊಂಡು ಗೇಟಿನ ಕಡೆ ಹೊರಟಿತ್ತು. ಹೋಗಿ ಎದುರಿಗೆ ನಿಂತುಬಿಟ್ಟೆ.

"ಪಕ್ಕಕ್ಕೆ ಬನ್ನಿ ಮೇಡಂ, ಹಾರನ್ ಕೇಳಿಸಲ್ವಾ?" ಎಂದ ಗುಜರಿಯವನು.

"ಇಳಿಸು. ಎಲ್ಲಾ ಇಳಿಸು."

"ತೂಕ ಹಾಕಿ ಆಗಿದೆ. ಏರಿಸಿದ್ದನ್ನ ಇಳಿಸೋಕೆ ನನಗೇನು ಹುಚ್ಚಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ, "ಇಳಿಸ್ರೀ ಅಂದ್ರೆ!" ಎಂದು ಒಂದು ಗರ್ಜನೆ ಬಂತು. ಗೇಟಿನ ಕಾವಲುಗಾರ ಎದ್ದು ನಿಂತ, ಮೇಲಿನ ಮಹಡಿಯ ಕಿಟಕಿಗಳು ತೆರೆದುಕೊಂಡವು. ತಿರುಗಿ ನೋಡಿದರೆ ಪಿಸುಮಾತು. ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಿದ್ದಳು. ಚೀಲಗಳು ಇಳಿದವು.

ಸಂಜೆ ಮನೆಗೆ ಬಂದರೆ ಕರಿ ಬಾಣಲೆಯೂ ಒಲೆಯ ಮೇಲಿತ್ತು. ಅತ್ತೆ ಹಳೇ ಸಾಮಾನಿನ ಅಂಗಡಿಗೇ ಹೋಗಿ ಜಗಳವಾಡಿ ತಂದಿದ್ದರು.

ಆಮೇಲೆ ನಾವು ಮಾಡಿದ್ದೇ ನಿಜವಾದ ಕೆಲಸ. ಒಂದೊಂದು ರಸ್ತೆಯ ಕೊಳಕು ಪ್ರತಿಗಳನ್ನೆಲ್ಲ ಉದ್ದನೆಯ ಮೇಜಿನ ಮೇಲೆ ಹಾಸಿದೆವು. ಯಾವುದರಲ್ಲಿ ಏನು ಗೀಚಿದೆ, ಯಾವಾಗ ಗೀಚಿದ್ದು, ಯಾರ ಕೈ ಎಂದು ನೋಡಿ, ಎಲ್ಲವನ್ನೂ ಮೂಲದ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದೆವು. ಮೊದಲ ಗೆರೆ ಎಳೆಯುವ ಮುಂಚೆ ಪೆನ್ಸಿಲನ್ನು ಎರಡು ಸಲ ಕೆಳಗಿಟ್ಟೆ, ಆ ಬಿಳುಪನ್ನು ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದೆ. ಎರಡನೆಯದರ ಹೊತ್ತಿಗೆ ಸಲೀಸಾಯಿತು. ಪ್ರತಿಗಳು ಒಂದಕ್ಕೊಂದು ತಾಳೆಯಾಗದ ಕಡೆ ಪೈಪು ಮೇಸ್ತ್ರಿಯನ್ನು ಕರೆಸಿ ಕೇಳಿದೆವು. ಗೆರೆ ಮೂಲಕ್ಕೆ ಏರಿದ ಮೇಲೆ ಪ್ರತಿ ಆಚೆ. ಹೀಗೆ ಖಾಲಿ ಮಾಡುವುದರಲ್ಲಿ ಒಂದು ಸುಖವಿತ್ತು.

ಕಷ್ಟವಾದದ್ದು ವಿಭಾಗಗಳ ಮುಖ್ಯಸ್ಥರ ಹತ್ತಿರ. ಮೊದಲ ಸಲ ಕೊಡದೆ ಉಳಿಸಿಕೊಂಡಿದ್ದ ಗಾಜಿನಡಿಯ ಪ್ರತಿಯನ್ನು ಒಬ್ಬರೂ ಬಿಡಲೊಲ್ಲರು.

"ನಾಳೆ ನನಗೆ ಬೇಕಾದ್ರೆ?" ಎಂದು ಅವರಲ್ಲೊಬ್ಬರು ಗಾಜಿನ ಮೇಲೆ ಎರಡೂ ಕೈ ಊರಿ ಕೂತರು.

"ಬನ್ನಿ, ಕೇಳಿ. ನಿಂತಲ್ಲೇ ಕೊಡ್ತೀನಿ. ಕೊಡದಿದ್ರೆ ನೀವು ಬೈದ ಹಾಗೆ ಬೈಸಿಕೊಳ್ತೀನಿ."

"ನಿಮ್ಮನ್ನ ಬೈಯೋದಾ!" ಎಂದು ಅವರು ಗಾಬರಿಯಾಗಿ ಕೈ ತೆಗೆದರು. ಗಾಜು ಎತ್ತಿ ಪ್ರತಿ ಎಳೆದುಕೊಂಡೆ.

ಕೊನೆಗೆ ಆಸ್ಪತ್ರೆ ವೃತ್ತದ ನಕ್ಷೆಗೆ ಬಂದೆವು. ಮೂಲದಲ್ಲಿ ವಾಲ್ವ್ ವೃತ್ತದ ನಟ್ಟನಡುವೆ ಇತ್ತು. ಎಣ್ಣೆಯಲ್ಲಿ ಅದ್ದಿದಂತಿದ್ದ ಎರಡು ಪ್ರತಿಗಳಲ್ಲಿ ಅದಕ್ಕೆ ಅಡ್ಡಗೆರೆ ಹೊಡೆದು, ಔಷಧಿ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ಹೊಸ ಗುರುತು ಹಾಕಿ, ಪಕ್ಕದಲ್ಲಿ ಆಳವನ್ನೂ ಬರೆದಿತ್ತು. ಮೇಸ್ತ್ರಿ ಅವನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಹಳೇ ಮೇಸ್ತ್ರಿ ಕೈ ಮೇಡಂ. ರಸ್ತೆ ಅಗಲ ಮಾಡಿದಾಗ ಸರಿಸಿರಬೇಕು. ನಾನಾಗ ಇಲ್ಲಿ ಇರಲಿಲ್ಲ" ಎಂದ. ಆ ಹಳೆಯ ಮೇಸ್ತ್ರಿಯನ್ನು ಕೇಳೋಣವೆಂದರೆ ಅವರು ತೀರಿಹೋಗಿದ್ದರು. ನಾನು ಕೆಂಪು ಗೆರೆ ಎಳೆದೆ. ನನ್ನ ಕೋಣೆ, ನನ್ನ ಕೆಲಸ ಎಲ್ಲ ಈಗ ಆ ಎಣ್ಣೆ ಕಲೆಯ ಮೇಲೆ ನಿಂತಿತ್ತು.

ಅಗೆಯುವ ದಿನ ಬೆಳಿಗ್ಗೆ ವೃತ್ತದಲ್ಲಿ ಅರ್ಧ ರಸ್ತೆ ತಡೆದು ಹಗ್ಗ ಕಟ್ಟಿದ್ದರು. ಮುಖ್ಯ ಎಂಜಿನಿಯರ್, ವಿಭಾಗದ ಮುಖ್ಯಸ್ಥರು, ಗುದ್ದಲಿ ಹಿಡಿದ ಕೆಲಸಗಾರರು ಎಲ್ಲ ನೆರೆದಿದ್ದರು. ಕಂಪನಿಯವನು ಟ್ಯಾಬ್ ಮೇಲೆ ಎರಡು ಬೆರಳಿಟ್ಟು ನಕ್ಷೆಯನ್ನು ದೊಡ್ಡದು ಮಾಡಿ, ವೃತ್ತದ ನಡುವೆ ಬೆರಳು ತೋರಿಸಿದ. ನಾನು ಸುರುಳಿ ಬಿಚ್ಚಿ ಔಷಧಿ ಅಂಗಡಿಯ ಮೆಟ್ಟಿಲ ಕಡೆ ತೋರಿಸಿದೆ.

"ಇಬ್ಬರದೂ ಒಂದೇ ನಕ್ಷೆ ಅಲ್ವಾ?" ಎಂದರು ಮುಖ್ಯ ಎಂಜಿನಿಯರ್.

"ಅವರದು ಪೈಪು ಹಾಕಿದ ದಿನದ್ದು ಸರ್. ನನ್ನದು ಇವತ್ತಿನದು."

ಮೊದಲು ಟ್ಯಾಬ್ ಹೇಳಿದ ಕಡೆ ಅಗೆದರು. ಸೊಂಟದ ಆಳಕ್ಕೆ ಹೋದ ಮೇಲೆ ಮುಚ್ಚಳ ಬಡಿದ ಪೈಪಿನ ಬಾಯೊಂದು ಸಿಕ್ಕಿತು. ಮೇಸ್ತ್ರಿ ಅದನ್ನು ಹಾರೆಯಿಂದ ಕುಟ್ಟಿ ನೋಡಿ, "ಇದು ಸತ್ತ ಪೈಪು ಸರ್, ಇದರಲ್ಲಿ ನೀರು ಹರಿದು ಯಾವ ಕಾಲ ಆಯ್ತೋ" ಎಂದ. ಕಂಪನಿಯವನು ಟ್ಯಾಬನ್ನು ತಿರುಗಿಸಿ ತಿರುಗಿಸಿ ನೋಡಿದ.

ಈಗ ಎಲ್ಲರೂ ನನ್ನ ಕಡೆ ಬಂದರು. ಔಷಧಿ ಅಂಗಡಿಯವನು, "ನನ್ನ ಮೆಟ್ಟಿಲಿಗೇನಾದ್ರೂ ಆದರೆ ನೋಡಿ" ಎಂದು ಗೊಣಗುತ್ತ ಹೊರಗೇ ನಿಂತ. ಕಲ್ಲು ಕಿತ್ತು ಅಗೆಯತೊಡಗಿದರು. ಮೊಣಕಾಲಿನ ಆಳ ಹೋಯಿತು. ಮಣ್ಣು, ಇಟ್ಟಿಗೆ ಚೂರು, ಮತ್ತೆ ಮಣ್ಣು. ಮುಖ್ಯ ಎಂಜಿನಿಯರ್ ನಕ್ಷೆಯನ್ನೊಮ್ಮೆ, ಗುಂಡಿಯನ್ನೊಮ್ಮೆ ನೋಡಿದರು. ನಕ್ಷೆಯಲ್ಲಿ ಬರೆದಿದ್ದ ಆಳವನ್ನು ಆಗಲೇ ದಾಟಿಯಾಗಿತ್ತು. ಕಂಪನಿಯವನ ತುಟಿಯಲ್ಲಿ ನಗು ಮೂಡಿತು. ದೂರು ಕೌಂಟರಿನ ಎತ್ತರದ ಕುರ್ಚಿ ನನ್ನ ಕಣ್ಣ ಮುಂದೆ ಬಂತು.

"ಇಲ್ಲಿಗೆ ನಿಲ್ಲಿಸೋಣವಾ ಮೇಡಂ?" ಎಂದರು ಮುಖ್ಯ ಎಂಜಿನಿಯರ್, ಮೆತ್ತಗೆ.

"ಬೇಡ ಸರ್" ಎಂದೆ. ಸ್ವರ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ರಸ್ತೆ ಅಗಲ ಮಾಡಿದಾಗ ಈ ಫುಟ್‌ಪಾತು ರಸ್ತೆ ಮಟ್ಟಕ್ಕೇ ಇದ್ದಿರಬೇಕು. ಈಗ ನೋಡಿ, ಎಷ್ಟು ಎತ್ತರ ಇದೆ. ಆಮೇಲೆ ಏರಿಸಿದ್ದಾರೆ. ಅಷ್ಟೂ ಕೆಳಗೆ ಹೋಗಬೇಕು."

"ಹೌದು ಹೌದು" ಎಂದು ನಾನು ನೆನೆಸದ ಕಡೆಯಿಂದ ಬೆಂಬಲ ಬಂತು. ಔಷಧಿ ಅಂಗಡಿಯವನು. "ಮೊದಲು ನನ್ನ ಅಂಗಡಿಗೆ ನಾಲ್ಕು ಮೆಟ್ಟಿಲಿತ್ತು. ಇವರು ಕಲ್ಲು ಹಾಕಿ ಹಾಕಿ ಎರಡನ್ನ ನುಂಗಿಬಿಟ್ಟರು."

ಮೇಸ್ತ್ರಿ ಅಂಗೈಗೆ ಉಗುಳಿ ಹಾರೆ ಎತ್ತಿದ. ಒಂದು ಏಟು, ಮಣ್ಣು. ಇನ್ನೊಂದು, ಮಣ್ಣು. ಮೂರನೆಯದಕ್ಕೆ ಠಣ್ ಎಂದಿತು.

ಮೇಸ್ತ್ರಿ ಬಗ್ಗಿ ಕೈಯಿಂದಲೇ ಮಣ್ಣು ಬಾಚಿದ. ತುಕ್ಕು ಹಿಡಿದ ದುಂಡನೆಯ ಕಬ್ಬಿಣದ ಮುಚ್ಚಳ ಹೊರಬಂತು. ಅದನ್ನು ಮೀಟಿ ತೆಗೆದರೆ ಕೆಳಗೆ ವಾಲ್ವಿನ ಚಕ್ರ, ಗ್ರೀಸಿನ ಪದರದೊಳಗೆ ಹಾಗೆಯೇ ಇತ್ತು. ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ, ಪಿಸುಮಾತು ಆಮೇಲೆ ಹೇಳಿದಳು. ಅವಳು ನನ್ನ ಕೊರಳಿಗೆ ಜೋತುಬಿದ್ದದ್ದು ಮಾತ್ರ ನೆನಪಿದೆ.

ಮುಖ್ಯ ಎಂಜಿನಿಯರ್ ಪ್ಯಾಂಟಿನ ಇಸ್ತ್ರಿಯನ್ನೂ ನೋಡದೆ ಗುಂಡಿಗೆ ಇಳಿದುಬಿಟ್ಟರು. ಮೇಸ್ತ್ರಿಯ ಜೊತೆ ತಾವೂ ಕೈ ಹಾಕಿ ಚಕ್ರ ತಿರುಗಿಸಿದರು. ಅದು ಮೊದಲು ಹಟ ಮಾಡಿತು, ನರಳಿತು, ಆಮೇಲೆ ತಿರುಗಿತು. ವೃತ್ತದಾಚೆ ನೀರು ಬಿಟ್ಟಿದ್ದ ನಲ್ಲಿಯ ಹತ್ತಿರ ನಿಂತಿದ್ದ ಕೆಲಸಗಾರ ಎರಡೂ ಕೈ ಎತ್ತಿ, "ನೀರು ನಿಂತಿತು!" ಎಂದು ಕೂಗಿದ. ಹಗ್ಗದಾಚೆ ನೋಡುತ್ತ ನಿಂತಿದ್ದ ದಾರಿಹೋಕರೂ ಚಪ್ಪಾಳೆ ತಟ್ಟಿದರು. ಕಂಪನಿಯವನು ನನ್ನ ಪಕ್ಕಕ್ಕೆ ಬಂದು, ಕೆಂಪು ಗೆರೆಯ ಮೇಲೆ ಬಗ್ಗಿ, "ಮೇಡಂ, ಇದನ್ನ ಒಂದು ಸಲ ಸ್ಕ್ಯಾನ್ ಮಾಡ್ಕೊಳ್ಳಲಾ?" ಎಂದು ಕೇಳಿದ. ಆ ವಿನಯಕ್ಕೆ ನನ್ನ ಕೋಪವೆಲ್ಲ ಇಳಿಯಿತು.

ಮುಖ್ಯ ಎಂಜಿನಿಯರ್ ಮೇಲೆ ಬಂದು ಕೈ ಚಾಚಿದರು. ಕುಲುಕಲೆಂದು ನಾನೂ ಚಾಚಿದೆ.

"ಪೆನ್ಸಿಲ್ ಕೊಡಿ ಮೇಡಂ" ಎಂದರು.

ಸುರುಳಿಯನ್ನು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಹರಡಿ, ಮೇಸ್ತ್ರಿ ಅಳೆದು ಹೇಳಿದ ಆಳವನ್ನು ಕೆಂಪು ಗುರುತಿನ ಪಕ್ಕ ಬರೆದರು. ತಾರೀಕು ಹಾಕಿ ಸಹಿ ಮಾಡಿದರು. ಅವರ ಅಂಗೈಯ ಕೆಸರು ಕಾಗದಕ್ಕೆ ಅಗಲವಾಗಿ ಮೆತ್ತಿತು. ಒರೆಸಲು ಹೋದರು, ನಾನು ತಡೆದೆ.

"ಇದನ್ನ ಜೋಪಾನವಾಗಿ ಕೋಣೇಲಿ ಇಡಿ" ಎಂದರು.

"ಯಾವ ಕೋಣೇಲಿ ಸರ್?"

"ನಿಮ್ಮ ಕೋಣೇಲಿ."

ಎದೆ ತುಂಬಿಬಂತು. ಆದರೂ ಅಷ್ಟಕ್ಕೇ ಬಿಡುವ ಹೆಂಗಸು ನಾನಲ್ಲ. ವಿಭಾಗದ ಮುಖ್ಯಸ್ಥರು ಬಸ್ಸಿನ ಹಾರನ್ನಿನ ಗಲಾಟೆಯಲ್ಲಿ ಆಚೆ ನಿಂತಿದ್ದರು, ಅವರಿಗೆ ಇದು ಕೇಳಿಸಿರಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಸರ್."

ಅವರು ನನ್ನನ್ನು ನೋಡಿ, ನಕ್ಕು, ಕೆಸರುಗೈಗಳನ್ನು ಬಾಯಿಯ ಎರಡೂ ಕಡೆ ಹಿಡಿದು ಇಡೀ ವೃತ್ತಕ್ಕೆ ಕೇಳುವಂತೆ ಕೂಗಿದರು: "ನಕ್ಷೆ ಕೋಣೆ ಮೇಡಂ ಅವರದೇ! ಯಾರ ಹತ್ತಿರ ಏನೇನು ಜೆರಾಕ್ಸ್ ಇದೆಯೋ ಎಲ್ಲಾ ತಂದು ಅವರಿಗೆ ಒಪ್ಪಿಸಿ!"